ಎಲ್ಲಿಂದ ಬಂದರು ಈ ಐವರು?

(ನಮ್ಮ ಬಡಾವಣೆಯ ಸಂಗೀತಾಸಕ್ತರ ತಿಂಗಳ ಕೂಟದಲ್ಲಿ ಆಡಿದ ಮಾತುಗಳನ್ನು ಸ್ವಲ್ಪ ತಿದ್ದಿ ಬರೆದಿದ್ದೇನೆ. ನಡುವೆ ಕೇಳಿಸಿದ ಹಾಡುಗಳನ್ನು ಇಲ್ಲಿ ಹಾಕಲಾಗುವುದಿಲ್ಲ. ಎಲ್ಲೆಲ್ಲಿ ಹಾಕಿದೆ ಅಂತ ಮಾತ್ರ ಗುರುತು ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಹಾಡು ಕೇಳೋಣ, ಆಮೇಲೆ ಮಾತು.

(ಇಲ್ಲಿ 'ಬ್ಲೂ ಗ್ರಾಸ್ ಬ್ರೇಕ್‌ಡೌನ್' ಹಾಕಿದೆ. ಮೂರು ನಿಮಿಷವೂ ಇಲ್ಲ.)

ಉಸಿರು ಬಿಡಿ, ಮುಗಿಯಿತು. ಮುಂದಿನ ಸಾಲಿನಲ್ಲಿ ಒಬ್ಬರು ಹಿರಿಯರು ಆಗಲೇ ಚಪ್ಪಲಿ ಬಿಟ್ಟು ಕಾಲು ಕುಣಿಸುತ್ತಿದ್ದರು, ನಾನು ನೋಡಿದೆ. ಈಗ ಒಂದು ಪ್ರಶ್ನೆ. ಇದರಲ್ಲಿ ಡ್ರಮ್ ಎಲ್ಲಿ ಬಂತು? ಬರಲೇ ಇಲ್ಲ. ಐದೇ ವಾದ್ಯ. ಮ್ಯಾಂಡೊಲಿನ್, ಬ್ಯಾಂಜೊ, ಗಿಟಾರು, ಪಿಟೀಲು, ನಿಂತು ನುಡಿಸುವ ದೊಡ್ಡ ಬೇಸ್. ಐದೂ ತಂತಿವಾದ್ಯಗಳೇ. ಕರೆಂಟಿನದ್ದು ಒಂದೂ ಇಲ್ಲ. 1947ರ ಅಕ್ಟೋಬರಿನಲ್ಲಿ ಶಿಕಾಗೊ ನಗರದಲ್ಲಿ ಧ್ವನಿಮುದ್ರಿಸಿದ್ದು. ತಂಡದ ಹೆಸರು ಬಿಲ್ ಮನ್ರೋ ಅಂಡ್ ಹಿಸ್ ಬ್ಲೂ ಗ್ರಾಸ್ ಬಾಯ್ಸ್. ಈ ಬಗೆಯ ಸಂಗೀತಕ್ಕೇ ಇವತ್ತು ಬ್ಲೂಗ್ರಾಸ್ ಅಂತ ಹೆಸರಿದೆ. ಆದರೆ ಅವರು ಇದನ್ನು ನುಡಿಸುವಾಗ ಆ ಹೆಸರು ಇನ್ನೂ ಹುಟ್ಟಿರಲಿಲ್ಲ. ತಂಡದ ಹೆಸರು ಸಂಗೀತಕ್ಕೆ ಅಂಟಿಕೊಂಡಿದ್ದು ಸುಮಾರು ಹತ್ತು ವರ್ಷ ಆದ ಮೇಲೆ.

ಬ್ಲೂಗ್ರಾಸ್ ಅಂದ ಕೂಡಲೇ ಅಮೆರಿಕದಲ್ಲಿ ಒಂದು ಚಿತ್ರ ತೋರಿಸುತ್ತಾರೆ. ಅಪಲೇಷಿಯನ್ ಬೆಟ್ಟ, ಮರದ ಮನೆ, ಮುಂದೆ ಜಗುಲಿ, ಜಗುಲಿಯಲ್ಲಿ ಗಡ್ಡದ ಅಜ್ಜ, ಕೈಯಲ್ಲಿ ಬ್ಯಾಂಜೊ. ಬೆಟ್ಟದ ಜನರ ಪುರಾತನ ಸಂಗೀತ ಅಂತ ನಂಬಿಕೆ. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಆಮೇಲೆ ಒಂದು ದಿನ ಮ್ಯಾಪ್ ಇಟ್ಟುಕೊಂಡು ಈ ಐದು ಜನರ ಹುಟ್ಟೂರುಗಳನ್ನು ಹುಡುಕಿದೆ. ಇಬ್ಬರು ಫ್ಲಾರಿಡಾದವರು. ಅಲ್ಲಿ ಬೆಟ್ಟವೇ ಇಲ್ಲ, ನೆಲ ಚಪ್ಪಟೆ. ಒಬ್ಬ ನಾರ್ತ್ ಕ್ಯಾರೊಲಿನಾದ ಹತ್ತಿಗಿರಣಿಗಳ ಸೀಮೆಯವನು. ಮುಖ್ಯಸ್ಥ ಬಿಲ್ ಮನ್ರೋ ಕೆಂಟಕಿಯವನೇ ಹೌದು, ಆದರೆ ಪಶ್ಚಿಮ ಕೆಂಟಕಿ. ಅಪಲೇಷಿಯನ್ ಸಾಲು ಇರುವುದು ರಾಜ್ಯದ ಇನ್ನೊಂದು ತುದಿಯಲ್ಲಿ. ಅಷ್ಟೇ ಅಲ್ಲ, ಬ್ಲೂಗ್ರಾಸ್ ಅನ್ನುವ ಹುಲ್ಲಿಗೆ ಹೆಸರಾದ ಲೆಕ್ಸಿಂಗ್ಟನ್ ಸುತ್ತಲಿನ ಪ್ರದೇಶವೂ ಅವನ ಊರಲ್ಲ. ರಾಜ್ಯಕ್ಕೆ ಆ ಅಡ್ಡಹೆಸರಿತ್ತು, ಇಟ್ಟುಕೊಂಡ. ಬೆಟ್ಟದ ಮಗ್ಗುಲಿನವನು ಅನ್ನಬಹುದಾದವನು ಐವರಲ್ಲಿ ಒಬ್ಬನೇ, ಟೆನೆಸಿಯ ಲೆಸ್ಟರ್ ಫ್ಲ್ಯಾಟ್.

ಹಾಗಾದರೆ ಇವರು ಯಾರು, ಯಾರ ಹತ್ತಿರ ಕಲಿತರು, ಬ್ಯಾಂಡಿಗೆ ಬರುವಾಗ ಏನು ಹೊತ್ತು ತಂದರು? ಇವತ್ತಿನ ಮಾತು ಅಷ್ಟೇ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೆಚ್ಚಿನ ಹಾಡುಗಾರರನ್ನು ನಾವು ಸಲಿಗೆಯಿಂದ ಏಕವಚನದಲ್ಲಿ ಕರೆಯುತ್ತೇವಲ್ಲ, ಹಾಗೆ ಇವರನ್ನೂ ಕರೆಯುತ್ತೇನೆ. ಅಗೌರವ ಅಂತ ತಿಳಿಯಬೇಡಿ.

ಬಿಲ್ ಮನ್ರೋನಿಂದಲೇ ಶುರು ಮಾಡೋಣ. ಹುಟ್ಟಿದ್ದು 1911ರ ಸೆಪ್ಟೆಂಬರ್ 13, ರೋಸೀನ್ ಅನ್ನೋ ಪುಟ್ಟ ಊರಿನಲ್ಲಿ. ಎಂಟು ಮಕ್ಕಳಲ್ಲಿ ಕೊನೆಯವನು. ಕೊನೆಯವನಾದರೆ ಮುದ್ದು ಜಾಸ್ತಿ ಅಂತೀವಿ. ಇವನ ಪಾಲಿಗೆ ಹಾಗಾಗಲಿಲ್ಲ. ಹುಟ್ಟಿನಿಂದ ಮೆಳ್ಳೆಗಣ್ಣು, ದೃಷ್ಟಿ ಮಂದ. ಯಾರಾದರೂ ಅಪರಿಚಿತರು ಮನೆ ಕಡೆ ಬಂದರೆ ನಗುತ್ತಾರೆ ಅಂತ ಓಡಿಹೋಗಿ ಕೊಟ್ಟಿಗೆಯಲ್ಲಿ ಅಡಗಿಕೊಳ್ಳುತ್ತಿದ್ದ. ಚರ್ಚಿನಲ್ಲಿ ಹಾಡು ಕಲಿಸುವ ಶಿಬಿರಗಳು ನಡೆಯುತ್ತಿದ್ದವು. ಅಲ್ಲಿಯ ಪುಸ್ತಕದಲ್ಲಿ ಸ್ವರಗಳಿಗೆ ಒಂದೊಂದು ಆಕಾರ. ಒಂದು ತ್ರಿಕೋನ, ಒಂದು ಚೌಕ, ಒಂದು ಗುಂಡಗೆ. ನೋಡಿದ ಕೂಡಲೇ ಯಾವ ಸ್ವರ ಅಂತ ಗೊತ್ತಾಗಬೇಕು, ಅದಕ್ಕೆ. ಆದರೆ ಈ ಹುಡುಗನಿಗೆ ಪುಸ್ತಕವೇ ಸರಿಯಾಗಿ ಕಾಣುತ್ತಿರಲಿಲ್ಲ. ಕಿವಿಯಲ್ಲೇ ಕಲಿತ. ಪಕ್ಕದಲ್ಲಿ ನಿಂತವರು ಏನು ಹಾಡುತ್ತಾರೋ ಅದಕ್ಕಿಂತ ಮೇಲಿನ ಸ್ವರ ಹಿಡಿದು ಜೊತೆಗೆ ಹೋಗುವುದು. ಮುಂದೆ ಈ ಗಂಟಲೇ ಅವನ ಗುರುತಾಯಿತು.

ಮನೆಯಲ್ಲಿ ಸಂಗೀತ ಇತ್ತು. ಅಮ್ಮ ಮಲಿಸ್ಸಾ ಹಾಡುತ್ತಿದ್ದಳು, ಪಿಟೀಲು ನುಡಿಸುತ್ತಿದ್ದಳು, ಅಕಾರ್ಡಿಯನ್ ಕೂಡ. ಅಣ್ಣ ಬರ್ಚ್ ಪಿಟೀಲು ಹಿಡಿದ. ಇನ್ನೊಬ್ಬ ಅಣ್ಣ ಚಾರ್ಲಿ ಗಿಟಾರು ಹಿಡಿದ. ಬಿಲ್‌ಗೆ ಬೇಕಾಗಿದ್ದೂ ಅವೇ ಎರಡು. ಅಣ್ಣಂದಿರ ಮನೆಯಲ್ಲಿ ಚಿಕ್ಕವನ ಮಾತು ಎಲ್ಲಿ ನಡೆಯುತ್ತೆ? ಉಳಿದಿದ್ದು ಮ್ಯಾಂಡೊಲಿನ್. ಅದಕ್ಕೆ ಎಂಟು ತಂತಿ, ಎರಡೆರಡರಂತೆ ನಾಲ್ಕು ಜೋಡಿ. ಅದರಲ್ಲೂ ನಾಲ್ಕನ್ನು ಬಿಚ್ಚಿಟ್ಟು ನುಡಿಸು ಅಂದರಂತೆ. ಯಾಕೆ? ಜಾಸ್ತಿ ಸದ್ದು ಮಾಡಬಾರದು ಅಂತ. ನಮ್ಮ ಚೌಡಯ್ಯನವರು ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಪಿಟೀಲಿಗೆ ನಾಲ್ಕರ ಬದಲು ಏಳು ತಂತಿ ಕಟ್ಟಿದರು. ಅಲ್ಲಿ ನೋಡಿದರೆ ಪೂರ್ತಿ ಉಲ್ಟಾ. ಆ ಹುಡುಗ ದೊಡ್ಡವನಾದ ಮೇಲೆ ಮ್ಯಾಂಡೊಲಿನ್ನನ್ನು ಬಾರಿಸಿದ ರೀತಿ ಕೇಳಿದಿರಲ್ಲ ಈಗ? ನಾಲ್ಕು ತಂತಿಯ ಸಿಟ್ಟು ಅದರಲ್ಲಿ ಇನ್ನೂ ಇದೆ ಅಂತ ನನಗೆ ಅನ್ನಿಸುತ್ತೆ.

ಹತ್ತು ವರ್ಷಕ್ಕೆ ಅಮ್ಮ ತೀರಿಕೊಂಡಳು. ಹದಿನಾರಕ್ಕೆ ಅಪ್ಪ. ಅಣ್ಣ ಅಕ್ಕಂದಿರು ಒಬ್ಬೊಬ್ಬರಾಗಿ ಊರು ಬಿಟ್ಟಿದ್ದರು. ಹುಡುಗ ಹೋಗಿ ಸೇರಿಕೊಂಡಿದ್ದು ಸೋದರಮಾವನ ಮನೆಗೆ. ಹೆಸರು ಪೆಂಡಲ್ಟನ್ ವ್ಯಾಂಡಿವರ್. ಎಲ್ಲರ ಬಾಯಲ್ಲೂ ಪೆನ್ ಮಾಮ. ಹೇಸರಗತ್ತೆಯ ದೆಸೆಯಿಂದ ಆದ ಅಪಘಾತದಲ್ಲಿ ಕಾಲು ಊನವಾಗಿತ್ತು, ಊರುಗೋಲಿಲ್ಲದೆ ಆಗುತ್ತಿರಲಿಲ್ಲ. ಆದರೆ ಪಿಟೀಲು ಹಿಡಿದರೆ ಸುತ್ತಲಿನ ಹಳ್ಳಿಗಳ ಕುಣಿತದ ಕೂಟಗಳಿಗೆ ಅವನೇ ಬೇಕು. ಶನಿವಾರ ರಾತ್ರಿ ಮಾವ ಪಿಟೀಲು, ಅಳಿಯ ಜೊತೆಗೆ. ಗಂಟೆಗಟ್ಟಲೆ ಅದೇ ಕೆಲಸ. ಕುಣಿಯುವವರ ಹೆಜ್ಜೆ ತಪ್ಪಬಾರದು. ತಾಳ ಅನ್ನೋದು ಬಿಲ್‌ನ ಮೈಗೆ ಹತ್ತಿದ್ದು ಅಲ್ಲಿ.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಈ ಮಾತು ಕೊನೆಯಲ್ಲಿ ಬೇಕಾಗುತ್ತೆ. ಪಿಟೀಲಿಗೂ ಮ್ಯಾಂಡೊಲಿನ್ನಿಗೂ ಶ್ರುತಿ ಒಂದೇ. ಪಿಟೀಲಿನ ನಾಲ್ಕು ತಂತಿಗಳನ್ನು ಹೇಗೆ ಕೂಡಿಸುತ್ತಾರೋ ಮ್ಯಾಂಡೊಲಿನ್ನಿನ ನಾಲ್ಕು ಜೋಡಿಗಳನ್ನೂ ಹಾಗೇ ಕೂಡಿಸುತ್ತಾರೆ. ನಮ್ಮಲ್ಲಿ ಪಿಟೀಲನ್ನು ಸ-ಪ-ಸ-ಪ ಮಾಡಿಕೊಂಡೆವು, ಅದು ಬೇರೆ ಸಂಗತಿ. ಅಲ್ಲಿ ಮಾತ್ರ ಎರಡಕ್ಕೂ ಬೆರಳಿನ ಜಾಗಗಳು ಒಂದೇ. ಅಂದರೆ ಮಾವ ಕಮಾನಿನಲ್ಲಿ ಎಳೆಯುತ್ತಿದ್ದ ಪ್ರತಿ ಸ್ವರವನ್ನೂ ಅಳಿಯ ಮೀಟುಗೋಲಿನಲ್ಲಿ ಹಾಗ್ಹಾಗೇ ತೆಗೆಯಬಹುದು. ಬೇಡದೆ ಕೈಗೆ ಬಂದ ವಾದ್ಯ ಇವನಿಗೆ ಪಿಟೀಲಿನ ಮನೆಯ ಹಿಂಬಾಗಿಲು ತೆಗೆಯಿತು.

ಎರಡನೇ ಗುರು ಆರ್ನಾಲ್ಡ್ ಶುಲ್ಟ್ಸ್. ಕಪ್ಪು ವರ್ಣದವನು, ಗುಲಾಮನಾಗಿದ್ದವನ ಮಗ, ಕಲ್ಲಿದ್ದಲು ಗಣಿ ಕೆಲಸಗಾರ. ಗಿಟಾರು, ಪಿಟೀಲು ಎರಡರಲ್ಲೂ ಆ ಸೀಮೆಗೇ ಹೆಸರುವಾಸಿ. ಬಿಲ್ ದುಡ್ಡು ತೆಗೆದುಕೊಂಡು ನುಡಿಸಿದ ಮೊದಮೊದಲ ಕೂಟಗಳು ಇವನ ಜೊತೆಯವು. ಶುಲ್ಟ್ಸ್ ಪಿಟೀಲಿಗೆ ಬಿಲ್ ಗಿಟಾರು. ಹೊತ್ತು ಮುಳುಗಿದಾಗ ಶುರು ಮಾಡಿದರೆ ಬೆಳಕು ಹರಿಯುವವರೆಗೆ ನುಡಿಸುತ್ತಿದ್ದರಂತೆ. ಬಿಳಿಯರೂ ಕರಿಯರೂ ಬೇರೆ ಬೇರೆ ಬಾಗಿಲಲ್ಲಿ ಓಡಾಡಬೇಕಿದ್ದ ಕಾಲ ಅದು, ನೆನಪಿರಲಿ. ಮನ್ರೋ ಸಂಗೀತದಲ್ಲಿ ಸ್ವರವೊಂದು ಸ್ವಲ್ಪ ಜಾರಿ, ಬಾಡಿದ ಹಾಗೆ ಕೇಳಿಸುವ ಕಡೆಯೆಲ್ಲ ಬ್ಲೂಸ್ ಇದೆ, ಅಂದರೆ ಅಮೆರಿಕದ ಕರಿಯರ ಹಾಡಿನ ಧಾಟಿ. ಅದು ಶುಲ್ಟ್ಸ್ ಕಡೆಯಿಂದ ಬಂದದ್ದು ಅಂತ ಮನ್ರೋ ಕೊನೆವರೆಗೂ ಹೇಳುತ್ತಿದ್ದ. ಶುಲ್ಟ್ಸ್ 1931ರಲ್ಲಿ ತೀರಿಕೊಂಡ. ಅವನ ಒಂದೇ ಒಂದು ಧ್ವನಿಮುದ್ರಣ ಇಲ್ಲ. ಅವನು ಹೇಗೆ ನುಡಿಸುತ್ತಿದ್ದ ಅಂತ ತಿಳಿಯಲು ನಮಗೆ ಉಳಿದಿರೋದು ಅವನಿಂದ ಕಲಿತವರ ಬೆರಳು ಮಾತ್ರ.

1929ರಲ್ಲಿ ಬಿಲ್ ಅಣ್ಣಂದಿರ ಹಿಂದೆ ಉತ್ತರಕ್ಕೆ, ಶಿಕಾಗೊ ಪಕ್ಕದ ಇಂಡಿಯಾನಾದ ಕೈಗಾರಿಕೆ ಊರುಗಳಿಗೆ ಹೋದ. ಸಿಂಕ್ಲೇರ್ ಎಣ್ಣೆ ಶುದ್ಧೀಕರಣ ಘಟಕದಲ್ಲಿ ಪೀಪಾಯಿ ಇಳಿಸುವ, ತೊಳೆಯುವ ಕೆಲಸ, ಸುಮಾರು ಐದು ವರ್ಷ. ಶಿಕಾಗೊದ ಡಬ್ಲ್ಯುಎಲ್‌ಎಸ್ ರೇಡಿಯೊದ ತಂಡದಲ್ಲಿ ಕುಣಿಯುವವನಾಗಿಯೂ ಇದ್ದ. ಹೌದು, ಕುಣಿಯುವವನಾಗಿ! 1934ರಿಂದ ಅಣ್ಣ ಚಾರ್ಲಿಯ ಜೊತೆ ಮನ್ರೋ ಬ್ರದರ್ಸ್. 1936ರಿಂದ 38ರೊಳಗೆ 60 ಹಾಡು ಧ್ವನಿಮುದ್ರಣ. ಚಾರ್ಲಿ ಎತ್ತರದ ಆಳು, ನಗುಮುಖ, ಮಾತುಗಾರ. ಬಿಲ್ ಮಾತೇ ಆಡ. ಅಣ್ಣ ತಮ್ಮಂದಿರಿಗೆ ಜಗಳ ಬಂತು, 1938ರಲ್ಲಿ ಬೇರೆಯಾದರು. 1939ರ ಅಕ್ಟೋಬರಿನಲ್ಲಿ ಬಿಲ್ ತನ್ನದೇ ತಂಡ ಕಟ್ಟಿಕೊಂಡು ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೊ ಕಾರ್ಯಕ್ರಮಕ್ಕೆ ಸೇರಿದ. ಡಬ್ಲ್ಯುಎಸ್‌ಎಂ ಕೇಂದ್ರ, 50 ಸಾವಿರ ವಾಟ್. ಶನಿವಾರ ರಾತ್ರಿ ಅರ್ಧ ಅಮೆರಿಕಕ್ಕೆ ಕೇಳಿಸುತ್ತಿತ್ತು.

ಆದರೆ ನಾವೀಗ ಕೇಳಿದ ಸದ್ದು ಅಷ್ಟು ಹೊತ್ತಿಗೂ ಹುಟ್ಟಿರಲಿಲ್ಲ. ಅದಕ್ಕೆ ಇನ್ನು ನಾಲ್ಕು ಜನ ಬರಬೇಕಿತ್ತು. ಒಬ್ಬೊಬ್ಬರೂ ಬೇರೆ ಬೇರೆ ಬಾಗಿಲಿನಿಂದ.

ನಡುವೆ ಒಬ್ಬಾಕೆಯ ಹೆಸರು ಹೇಳಲೇಬೇಕು. ಸ್ಯಾಲಿ ಆ್ಯನ್ ಫಾರೆಸ್ಟರ್. ತಂಡದ ಹೆಸರು ಬಾಯ್ಸ್, ಒಳಗೊಬ್ಬ ಹೆಂಗಸು. ಗಂಡ ಹೌಡಿ ಫಾರೆಸ್ಟರ್ ಇದೇ ತಂಡದ ಪಿಟೀಲುಗಾರ, ಯುದ್ಧ ಬಂತು, ನೌಕಾಪಡೆಗೆ ಹೋದ. ಈಕೆ 1943ರಿಂದ 46ರವರೆಗೆ ತಂಡದಲ್ಲಿದ್ದು ಅಕಾರ್ಡಿಯನ್ ನುಡಿಸಿದಳು, ಹಾಡಿದಳು. ಟೆಂಟ್ ಹಾಕಿ ಪ್ರದರ್ಶನ ಕೊಡುವಾಗ ಟಿಕೆಟ್ ದುಡ್ಡಿನ ಲೆಕ್ಕವೂ ಇವಳದ್ದೇ. 1945ರ ಫೆಬ್ರುವರಿಯ ಧ್ವನಿಮುದ್ರಣಗಳಲ್ಲಿ ಅಕಾರ್ಡಿಯನ್ ಕೇಳಿಸುತ್ತೆ. ಬ್ಲೂಗ್ರಾಸ್‌ನಲ್ಲಿ ಅಕಾರ್ಡಿಯನ್ನಾ ಅಂತ ಇವತ್ತಿನ ಮಡಿವಂತರು ಮೂಗು ಮುರಿಯುತ್ತಾರೆ. ಮನ್ರೋಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಕ್ಕಿಲ್ಲ. ಅವನಮ್ಮ ನುಡಿಸುತ್ತಿದ್ದ ವಾದ್ಯ ಅದು.

ಈಗ ಲೆಸ್ಟರ್ ಫ್ಲ್ಯಾಟ್. 1914ರಲ್ಲಿ ಟೆನೆಸಿಯ ಓವರ್ಟನ್ ಕೌಂಟಿಯಲ್ಲಿ ಹುಟ್ಟಿ, ಸ್ಪಾರ್ಟಾ ಅನ್ನುವ ಊರಿನಲ್ಲಿ ಬೆಳೆದವನು. ಅಪ್ಪ ಬ್ಯಾಂಜೊ, ಪಿಟೀಲು ನುಡಿಸುತ್ತಿದ್ದ. ಮಗನಿಗೆ ಬ್ಯಾಂಜೊ ಒಲಿಯಲಿಲ್ಲ, ಗಿಟಾರಿಗೆ ಹೋದ. ಚರ್ಚಿನಲ್ಲಿ ಹಾಡುತ್ತಿದ್ದ. ಹೊಟ್ಟೆಪಾಡಿಗೆ ರೇಷ್ಮೆ ಮಿಲ್ಲು. ಮೊದಲು ಸ್ಪಾರ್ಟಾ, ಆಮೇಲೆ ವರ್ಜೀನಿಯಾ. ಮಿಲ್ಲು ಬಿಟ್ಟು ಪೂರ್ತಿ ಸಂಗೀತಕ್ಕೆ ಬಂದಾಗ ಸೇರಿಕೊಂಡಿದ್ದು ಯಾರ ತಂಡ ಗೊತ್ತಾ? ಚಾರ್ಲಿ ಮನ್ರೋ ತಂಡ. ಅಲ್ಲಿ ಅವನ ಕೆಲಸ ಮ್ಯಾಂಡೊಲಿನ್ ನುಡಿಸಿ ಮೇಲಿನ ದನಿ ಹಾಡುವುದು. ಅಂದರೆ ಬಿಲ್ ಬಿಟ್ಟುಹೋದ ಜಾಗ! 1945ರಲ್ಲಿ ಬಿಲ್ ಕರೆದ. ಇಲ್ಲಿ ಗಿಟಾರು ಹಿಡಿದು ಮುಖ್ಯ ದನಿ ಹಾಡಬೇಕು. ಅಂದರೆ ಚಾರ್ಲಿ ಜಾಗ. ಜಗಳವಾಡಿ ಬೇರೆಯಾದ ಅಣ್ಣ ತಮ್ಮಂದಿರ ಇಬ್ಬರ ಚಪ್ಪಲಿಯಲ್ಲೂ ಕಾಲು ಹಾಕಿದವನು ಫ್ಲ್ಯಾಟ್ ಒಬ್ಬನೇ ಇರಬೇಕು.

ಅವನ ದನಿ ಮೆತ್ತಗೆ. ಅವಸರ ಇಲ್ಲ. ಮನ್ರೋ ಮಾತ್ರ ಹಾಡನ್ನು ಕುದುರೆ ಓಡಿಸಿದ ಹಾಗೆ ಓಡಿಸುತ್ತಿದ್ದ. ಫ್ಲ್ಯಾಟ್ ಗಿಟಾರನ್ನು ಹೆಬ್ಬೆರಳು, ತೋರುಬೆರಳು ಎರಡರಲ್ಲೇ ನುಡಿಸುವವನು. ಆ ವೇಗಕ್ಕೆ ಹಿಂದೆ ಬಿದ್ದುಬಿಡುತ್ತಿದ್ದ ಅಂತಾರೆ. ಅದಕ್ಕೆ ಒಂದು ಉಪಾಯ ಮಾಡಿಕೊಂಡ. ಪ್ರತಿ ಸಾಲು ಮುಗಿಯುವಲ್ಲಿ ಕೆಳಗಿನ ತಂತಿಗಳಲ್ಲಿ ಚಕಚಕನೆ ನಾಲ್ಕಾರು ಸ್ವರ ಓಡಿಸಿ ತಾಳದ ಮೇಲೆ ಸರಿಯಾಗಿ ಬಂದು ಇಳಿಯುವುದು. ನಮ್ಮಲ್ಲಿ ಮುಕ್ತಾಯ ಕೊಟ್ಟು ಸಮಕ್ಕೆ ಬರುತ್ತೀವಲ್ಲ, ಹಾಗೇ. ಇವತ್ತು ಜಗತ್ತಿನ ಯಾವ ಮೂಲೆಯ ಬ್ಲೂಗ್ರಾಸ್ ಗಿಟಾರುಗಾರನೂ ಮೊದಲು ಕಲಿಯುವುದು ಇದನ್ನೇ. ಹೆಸರೇ 'ಲೆಸ್ಟರ್ ಫ್ಲ್ಯಾಟ್ ಜಿ ರನ್'.

ಇನ್ನು ಬ್ಯಾಂಜೊ. ನಮ್ಮ ಕಡೆ ಬ್ಯಾಂಜೊ ಅಂದರೆ ಟೈಪ್‌ರೈಟರ್ ಥರ ಗುಂಡಿ ಇರುವ ಬುಲ್‌ಬುಲ್ ತರಂಗ್ ನೆನಪಾಗುತ್ತೆ. ಅದಲ್ಲ ಇದು. ಒಂದು ತಮಟೆಗೆ ಕತ್ತು ಕೂಡಿಸಿ ತಂತಿ ಕಟ್ಟಿದ ಹಾಗಿರುತ್ತೆ. ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಹೋದವರ ಕೈಯಲ್ಲಿ ಅಮೆರಿಕದಲ್ಲಿ ರೂಪುಗೊಂಡ ವಾದ್ಯ. ಐದು ತಂತಿ. ಐದನೆಯದು ಗಿಡ್ಡ, ಕತ್ತಿನ ನಡುವಿನಿಂದ ಶುರುವಾಗುತ್ತೆ. ಹೆಬ್ಬೆರಳು ಅದನ್ನು ಮೀಟುತ್ತಲೇ ಇರುತ್ತೆ, ಒಂದೇ ಸ್ವರ, ತಂಬೂರಿಯ ಹಾಗೆ.

1945ರವರೆಗೆ ಮನ್ರೋ ತಂಡದಲ್ಲಿ ಇದನ್ನು ನುಡಿಸುತ್ತಿದ್ದವನು ಸ್ಟ್ರಿಂಗ್‌ಬೀನ್ ಅನ್ನುವ ಹಾಸ್ಯಗಾರ. ಆ ಕಾಲಕ್ಕೆ ಬ್ಯಾಂಜೊ ಅಂದರೆ ನಗಿಸುವವರ ವಾದ್ಯ. ಇನ್ನೊಂದು ತಮಾಷೆ ಇದೆ. ಮನ್ರೋಗೆ ಬೇಸ್‌ಬಾಲ್ ಹುಚ್ಚು. ಟೆಂಟ್ ಹಾಕಿದ ಊರಲ್ಲೆಲ್ಲ ಮಧ್ಯಾಹ್ನ ಊರಿನವರ ಜೊತೆ ಪಂದ್ಯ, ಸಂಜೆ ಸಂಗೀತ. ಸ್ಟ್ರಿಂಗ್‌ಬೀನ್ ಒಳ್ಳೆ ಬೇಸ್‌ಬಾಲ್ ಆಟಗಾರ. ಅವನನ್ನು ತೆಗೆದುಕೊಂಡಿದ್ದಕ್ಕೆ ಅದೂ ಒಂದು ಕಾರಣ ಅಂತ ಪ್ರತೀತಿ! ಅವನು ಬಿಟ್ಟುಹೋದಾಗ ಫ್ಲ್ಯಾಟ್‌ಗೆ ಒಳಗೊಳಗೇ ಖುಷಿ. ಬ್ಯಾಂಜೊ ಇದ್ದರೆ ಓಟಕ್ಕೆ ಕಾಲು ಕಟ್ಟಿದ ಹಾಗೆ ಅಂತ ಅವನ ದೂರು. ಹೊಸ ಹುಡುಗ ಒಬ್ಬ ಬರ್ತಾನೆ, ಬ್ಯಾಂಜೊ ನುಡಿಸ್ತಾನೆ ಅಂದಾಗ, ನನ್ನ ಮಟ್ಟಿಗೆ ಅದನ್ನವನು ಪೆಟ್ಟಿಗೆಯಿಂದ ತೆಗೆಯದೇ ಇದ್ದರೂ ನಡೆಯುತ್ತೆ ಅಂದನಂತೆ.

ಆ ಹುಡುಗ ಅರ್ಲ್ ಸ್ಕ್ರಗ್ಸ್. ವಯಸ್ಸು 21.

ಸ್ಕ್ರಗ್ಸ್ ಬಗ್ಗೆ ನಾನು ಸ್ವಲ್ಪ ಜಾಸ್ತಿ ಮಾತಾಡಿದರೆ ಕ್ಷಮಿಸಿ. 1924ರ ಜನವರಿ 6ಕ್ಕೆ ಹುಟ್ಟಿದ್ದು, ನಾರ್ತ್ ಕ್ಯಾರೊಲಿನಾದ ಶೆಲ್ಬಿ ಹತ್ತಿರದ ಫ್ಲಿಂಟ್ ಹಿಲ್‌ನಲ್ಲಿ. ಅಪ್ಪ ಬ್ಯಾಂಜೊ, ಪಿಟೀಲು ಎರಡೂ ಬಲ್ಲವನು. ಮಗನಿಗೆ ನಾಲ್ಕು ವರ್ಷ ಆದಾಗ ತೀರಿಕೊಂಡ. ಅಮ್ಮ ಆರ್ಗನ್ ನುಡಿಸುತ್ತಿದ್ದಳು. ನಮ್ಮ ಕಂಪನಿ ನಾಟಕದವರು ಕಾಲಲ್ಲಿ ತಿದಿ ಒತ್ತುವ ಲೆಗ್ ಹಾರ್ಮೋನಿಯಂ ಇಡುತ್ತಿದ್ದರಲ್ಲ, ಅದರ ಜಾತಿಯದ್ದು. ಅಣ್ಣ ಅಕ್ಕಂದಿರಿಗೂ ಸಂಗೀತ ಬರುತ್ತಿತ್ತು. ಮೇಷ್ಟ್ರು ಅಂತ ಯಾರೂ ಇಲ್ಲ.

ಆ ಮನೆಯ ಒಂದು ಕಥೆ ನನಗೆ ಬಹಳ ಇಷ್ಟ. ಅರ್ಲ್ ಮತ್ತು ಅಣ್ಣ ಹೊರೇಸ್ ಇನ್ನೂ ಹುಡುಗರು. ತಾಳ ಗಟ್ಟಿ ಮಾಡಿಕೊಳ್ಳಲು ಒಂದು ಆಟ ಹೂಡಿದ್ದರು. ಮನೆ ಮುಂದೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವುದು. ಒಂದೇ ಹಾಡು ಒಟ್ಟಿಗೆ ಶುರು ಮಾಡುವುದು. ನುಡಿಸುತ್ತಾ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಮನೆ ಸುತ್ತು ಹಾಕುವುದು. ಗೋಡೆ ಅಡ್ಡ ಬಂದ ಮೇಲೆ ಒಬ್ಬನದ್ದು ಇನ್ನೊಬ್ಬನಿಗೆ ಸರಿಯಾಗಿ ಕೇಳಿಸಲ್ಲ. ಹಿತ್ತಲಲ್ಲಿ ಎದುರುಬದುರು ಸಿಕ್ಕಾಗ ಇಬ್ಬರೂ ಅದೇ ಪೆಟ್ಟಿನಲ್ಲಿ ಇದ್ದಾರಾ? ಇದ್ದರೆ ಗೆದ್ದ ಹಾಗೆ. ಇಲ್ಲದಿದ್ದರೆ ಮತ್ತೆ ಮುಂಬಾಗಿಲಿಗೆ ಬಂದು ಮೊದಲಿಂದ. ನಾನು ಚಿಕ್ಕಂದಿನಲ್ಲಿ ಆರು ವರ್ಷ ಪಿಟೀಲು ಕಲಿತೆ, ಕಲಿತೆ ಅನ್ನುವುದಕ್ಕಿಂತ ಕೆರೆದೆ. ಈ ಆಟ ಯಾರಾದರೂ ಹೇಳಿಕೊಟ್ಟಿದ್ದರೆ ಇವತ್ತಿಗೂ ಬಿಡುತ್ತಿರಲಿಲ್ಲವೇನೋ.

ಶೆಲ್ಬಿ ಸುತ್ತಮುತ್ತ ಮೂರು ಬೆರಳಿನಲ್ಲಿ ಬ್ಯಾಂಜೊ ನುಡಿಸುವವರು ಆಗಲೇ ಇದ್ದರು. ಸ್ಮಿತ್ ಹ್ಯಾಮೆಟ್, ಸ್ನಫಿ ಜೆಂಕಿನ್ಸ್ ಮುಂತಾದವರು. ಉಳಿದ ಕಡೆ ಉಗುರಿನಿಂದ ಕೆಳಕ್ಕೆ ಬಡಿಯುವ ಹಳೆ ಪದ್ಧತಿ. ಆದ್ದರಿಂದ ಸ್ಕ್ರಗ್ಸ್ ಮೂರು ಬೆರಳನ್ನು ಕಂಡುಹಿಡಿದ ಅಂತ ಹೇಳಿದರೆ ತಪ್ಪು. ಅವನು ಅದನ್ನು ಹರಿಯುವಂತೆ ಮಾಡಿದ. ಹತ್ತು ವರ್ಷದವನಿದ್ದಾಗ ಅಣ್ಣನ ಜೊತೆ ಜಗಳ ಆಡಿಕೊಂಡು ಕೋಣೆ ಸೇರಿ, 'ರೂಬೆನ್' ಅನ್ನುವ ಹಾಡನ್ನು ಸುಮ್ನೆ ಯೋಚನೆಯಿಲ್ಲದೆ ನುಡಿಸುತ್ತಾ ಕೂತಿದ್ದನಂತೆ. ನೋಡಿಕೊಂಡರೆ ಮೂರನೇ ಬೆರಳು ತಾನಾಗಿ ಓಡಾಡುತ್ತಿದೆ. ಸಿಕ್ತು ಸಿಕ್ತು ಅಂತ ಕೂಗುತ್ತಾ ಮನೆಯೆಲ್ಲ ಓಡಿದ.

ಏನು ಸಿಕ್ಕಿದ್ದು? ನಿಮ್ಮ ಬಲಗೈ ತೊಡೆ ಮೇಲೆ ಇಡಿ. ಹೆಬ್ಬೆರಳು, ತೋರು, ನಡು. ಈಗ ಎಂಟು ಎಣಿಸಬೇಕು. ಹೆಬ್ಬೆರಳು-ತೋರು-ನಡು, ಹೆಬ್ಬೆರಳು-ತೋರು-ನಡು, ಹೆಬ್ಬೆರಳು-ತೋರು. ಮೂರು, ಮೂರು, ಎರಡು. ತಕಿಟ ತಕಿಟ ತಕ. ಎಲ್ಲರೂ ಹೇಳಿ, ತಕಿಟ ತಕಿಟ ತಕ. ಎಡಗೈಯಲ್ಲಿ ಸಮನಾಗಿ ನಾಲ್ಕು ತಟ್ಟಿ. (ಸಭೆಯಲ್ಲಿ ಎರಡು ನಿಮಿಷ ಇದೇ ನಡೆಯಿತು. ಮಕ್ಕಳು ನಮಗಿಂತ ಬೇಗ ಹಿಡಿದರು.) ಎಡಗೈ ಒಂದು ಹೇಳುತ್ತೆ, ಬಲಗೈ ಇನ್ನೊಂದು ಹೇಳುತ್ತೆ, ಎಂಟು ಮುಗಿದಾಗ ಇಬ್ಬರೂ ರಾಜಿ. ಈ ಎಂಟನ್ನು ಬಿಟ್ಟೂಬಿಡದೆ, ಬೆರಳಿಗೆ ಲೋಹದ ಉಗುರು ಹಾಕಿಕೊಂಡು ಭಾರಿ ವೇಗದಲ್ಲಿ ನುಡಿಸಿ, ಅದರ ನಡುವೆ ಹಾಡಿನ ಸ್ವರಗಳನ್ನು ಮಾತ್ರ ಎದ್ದು ಕಾಣಿಸಬೇಕು. ಸ್ಕ್ರಗ್ಸ್ ಮಾಡಿದ್ದು ಅದು.

ಯುದ್ಧದ ವರ್ಷಗಳಲ್ಲಿ ಅವನೂ ಮಿಲ್ಲಿನವನೇ. ಶೆಲ್ಬಿಯ ನೂಲಿನ ಕಾರ್ಖಾನೆಯಲ್ಲಿ ಗಂಟೆಗೆ 40 ಸೆಂಟ್, ಅಮ್ಮನನ್ನು ಸಾಕಬೇಕಿತ್ತು. 1945ರ ಕೊನೆಯಲ್ಲಿ ಮನ್ರೋ ತಂಡದಲ್ಲಿದ್ದ ಜಿಮ್ ಶುಮೇಟ್ ಅನ್ನುವ ಪಿಟೀಲುಗಾರ ಇವನ ಹೆಸರು ಹೇಳಿದ. ನ್ಯಾಶ್‌ವಿಲ್‌ನ ಹೋಟೆಲೊಂದರಲ್ಲಿ ಮನ್ರೋ ಇವನನ್ನು ಕೇಳಿದ. ಹುಡುಗ ಎರಡು ಹಾಡು ನುಡಿಸಿದ. ಒಂದು 'ಸ್ಯಾಲಿ ಗುಡಿನ್', ಹಳೇ ಪಿಟೀಲು ಹಾಡು. ಇನ್ನೊಂದು 'ಡಿಯರ್ ಓಲ್ಡ್ ಡಿಕ್ಸಿ'. ಮನ್ರೋ ಸಾಮಾನ್ಯವಾಗಿ ಮುಖದಲ್ಲಿ ಏನೂ ತೋರಿಸಿಕೊಳ್ಳುವವನಲ್ಲ. ಫ್ಲ್ಯಾಟ್ ಮಾತ್ರ ತಡೆಯಲಾರದೆ, ಎಷ್ಟಾದರೂ ಆಗಲಿ ಇವನನ್ನು ಬಿಡಬೇಡ ಅಂದನಂತೆ. ಪೆಟ್ಟಿಗೆಯಲ್ಲೇ ಇರಲಿ ಅಂದವನು ಇದೇ ಫ್ಲ್ಯಾಟ್!

ಆಪ್ರಿಯಲ್ಲಿ ಇದನ್ನು ಕೇಳಿ ಜನ ಹುಚ್ಚೆದ್ದರು. ಅಂಕಲ್ ಡೇವ್ ಮೇಕನ್ ಅಂತ ಅಲ್ಲಿಯ ಹಿರೀಕ, ಬ್ಯಾಂಜೊ ತಿರುಗಿಸಿ ಎಸೆದು ನಗಿಸುವವನು. ಪರದೆ ಪಕ್ಕದಲ್ಲಿ ನಿಂತು ನೋಡಿ, ಹುಡುಗ ನುಡಿಸ್ತಾನೆ ಸರಿ, ಆದರೆ ಒಂಚೂರೂ ನಗಿಸಲ್ಲವಲ್ಲ ಅಂದ ಅನ್ನುವ ಕಥೆ ಇದೆ. ಸ್ಕ್ರಗ್ಸ್ ಮುಖ ನೀವು ಫೋಟೊದಲ್ಲಿ ನೋಡಬೇಕು. ಬ್ಯಾಂಕಿನ ಗುಮಾಸ್ತನ ಹಾಗೆ ಗಂಭೀರ.

ಪಿಟೀಲಿನವನು ಚಬ್ಬಿ ವೈಸ್. 1915, ಫ್ಲಾರಿಡಾದ ಲೇಕ್ ಸಿಟಿ. ಜ್ಯಾಕ್ಸನ್‌ವಿಲ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ರಾತ್ರಿ ಬಾರುಗಳಲ್ಲಿ ಪಿಟೀಲು. ಬಾರಿನಲ್ಲಿ ಬೇಕಾಗುವುದು ಕುಣಿಸುವ ಸ್ವಿಂಗ್ ಸಂಗೀತ. ಅದಕ್ಕೆ ಅವನ ಕಮಾನು ಉದ್ದ, ನುಣುಪು, ಸ್ವಲ್ಪ ಜ್ಯಾಸ್ ವಾಸನೆ. ಹೌಡಿ ಫಾರೆಸ್ಟರ್ ನೌಕಾಪಡೆಗೆ ಹೋಗುತ್ತಾನೆ ಅಂತ ರೇಡಿಯೊದಲ್ಲಿ ಕೇಳಿಯೇ ರೈಲು ಹತ್ತಿ ನ್ಯಾಶ್‌ವಿಲ್‌ಗೆ ಬಂದು, ಕೆಲಸ ಇದೆಯಾ ಅಂತ ಕೇಳಿದವನು. 'ಆರೆಂಜ್ ಬ್ಲಾಸಮ್ ಸ್ಪೆಷಲ್' ಅಂತ ರೈಲಿನ ಬಗ್ಗೆ ಒಂದು ಪ್ರಸಿದ್ಧ ಪಿಟೀಲು ಹಾಡಿದೆ. ಅದರ ಹುಟ್ಟಿನಲ್ಲಿ ತನಗೂ ಪಾಲಿದೆ ಅಂತ ವೈಸ್ ಹೇಳುತ್ತಿದ್ದ. ಹಕ್ಕುಪತ್ರದಲ್ಲಿ ಇರುವುದು ಅವನ ಗೆಳೆಯ ಅರ್ವಿನ್ ರೌಸ್ ಹೆಸರು. ಆ ಪಂಚಾಯಿತಿಗೆ ಈಗ ಹೋಗುವುದು ಬೇಡ.

ವೈಸ್ ಬಂದಾಗ ಅವನಿಗೆ ಈ ಶೈಲಿ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ ಅನ್ನಿ. ಮನ್ರೋ ಮ್ಯಾಂಡೊಲಿನ್ನಿನಲ್ಲಿ ತನಗೆ ಬೇಕಾದ ಸ್ವರ ನುಡಿಸಿ ತೋರಿಸುವುದು, ವೈಸ್ ಅದನ್ನು ಪಿಟೀಲಿನಲ್ಲಿ ಎಳೆಯುವುದು. ಹಾಗೆ ಕಲಿತೆ ಅಂತ ವೈಸ್ ಹೇಳಿಕೊಂಡಿದ್ದಾನೆ. ಆಗ ಹೇಳಿದೆನಲ್ಲ, ಶ್ರುತಿ ಒಂದೇ.

ಐದನೆಯವನು ಹವರ್ಡ್ ವಾಟ್ಸ್. ವೇದಿಕೆಯ ಮೇಲೆ ಸೆಡ್ರಿಕ್ ರೇನ್‌ವಾಟರ್. ಇವನೂ ಫ್ಲಾರಿಡಾದವನೇ. ಬೇಸ್ ನುಡಿಸುವುದು, ನಡುವೆ ಹಾಸ್ಯದ ವೇಷ. 1946ರ ಸೆಪ್ಟೆಂಬರಿನಲ್ಲಿ ಈ ಐವರು ಒಟ್ಟಿಗೆ ಮೊದಲು ಧ್ವನಿಮುದ್ರಿಸಿದ ಹಾಡು 'ಹೆವಿ ಟ್ರಾಫಿಕ್ ಅಹೆಡ್', ಇದೇ ತಂಡ ಊರೂರು ಸುತ್ತುವ ಹಾಡು. ಅದನ್ನು ಹಾಕುತ್ತೇನೆ, ಬೇಸ್ ಮಾತ್ರ ಕೇಳಿ.

(ಹಾಕಿದೆ.)

ನಡೆದುಕೊಂಡು ಹೋಗುತ್ತಿದೆ, ಅಲ್ವಾ? ತಾಳಕ್ಕೆ ಎರಡೇ ಪೆಟ್ಟು ಕೊಟ್ಟು ಸುಮ್ಮನಿರದೆ ಒಂದೊಂದು ಎಣಿಕೆಗೂ ಒಂದೊಂದು ಸ್ವರ ಇಟ್ಟು ಮೆಟ್ಟಿಲು ಹತ್ತಿ ಇಳಿಯುತ್ತೆ. ಇದು ಜ್ಯಾಸ್, ಬೂಗಿ-ವೂಗಿ ಕಡೆಯ ನಡಿಗೆ. ಬೆಟ್ಟದ ಜಗುಲಿಯಲ್ಲಿ ಇದು ಎಲ್ಲಿತ್ತು? ಇದರ ಮೇಲೆ ಮನ್ರೋ ಮ್ಯಾಂಡೊಲಿನ್ ಎದುರುಪೆಟ್ಟಿನಲ್ಲಿ ಚಕ್, ಚಕ್ ಅಂತ ಬೀಳುತ್ತೆ. ತಂತಿ ಮೀಟಿದ ಕೂಡಲೇ ಬೆರಳು ಸಡಿಲಿಸಿ ನಾದ ಕೊಂದುಬಿಡುವುದು. ಡ್ರಮ್ ಎಲ್ಲಿ ಅಂತ ಕೇಳಿದೆನಲ್ಲ, ಇಲ್ಲಿದೆ.

1946, 47ರಲ್ಲಿ ಇವರು 28 ಹಾಡು ಧ್ವನಿಮುದ್ರಿಸಿದರು. 1948ರ ಮೊದಲಲ್ಲೇ ತಂಡ ಒಡೆಯಿತು. ವಾರವೆಲ್ಲ ಕಾರಿನಲ್ಲಿ ಊರೂರು, ಶನಿವಾರ ಹೇಗಾದರೂ ನ್ಯಾಶ್‌ವಿಲ್‌ಗೆ ವಾಪಸ್. ಸ್ಕ್ರಗ್ಸ್, ಫ್ಲ್ಯಾಟ್ ಇಬ್ಬರೂ ಬಿಟ್ಟು ತಮ್ಮದೇ ತಂಡ ಕಟ್ಟಿದರು. ಮನ್ರೋ ಅವರ ಜೊತೆ ಎಷ್ಟೋ ವರ್ಷ ಮಾತು ಬಿಟ್ಟ. ರೇನ್‌ವಾಟರ್ ಅವರ ಹಿಂದೆ ಹೋದ. ಮನ್ರೋ ಮತ್ತೆ ಹೊಸಬರನ್ನು ಹುಡುಕಿದ. ಹೀಗೇ ಸಾಯುವವರೆಗೆ, 1996ರವರೆಗೆ, 150ಕ್ಕೂ ಹೆಚ್ಚು ಜನ ಬ್ಲೂ ಗ್ರಾಸ್ ಬಾಯ್ಸ್ ಆಗಿ ಬಂದು ಹೋದರು. 1963ರಲ್ಲಿ ಬಾಸ್ಟನ್ ಕಡೆಯ ಕಾಲೇಜು ಓದಿದ ಹುಡುಗ ಬಿಲ್ ಕೀತ್ ಬಂದ. ಪಿಟೀಲಿನ ಹಾಡುಗಳನ್ನು ಒಂದು ಸ್ವರ ಬಿಡದೆ ಬ್ಯಾಂಜೊದಲ್ಲಿ ತೆಗೆದ. ತಂಡದಲ್ಲಿ ಇಬ್ಬರು ಬಿಲ್ ಬೇಡ ಅಂತ ಮನ್ರೋ ಅವನನ್ನು ಬ್ರ್ಯಾಡ್ ಅಂತ ಕರೆದ! ಆಮೇಲೆ ಲಾಸ್ ಏಂಜಲೀಸ್‌ನಿಂದ ಶಾಸ್ತ್ರೀಯ ವಯೊಲಿನ್ ಕಲಿತ ರಿಚರ್ಡ್ ಗ್ರೀನ್. ಎಲ್ಲರ ಪಟ್ಟಿ ಬೇಡ.

ಒಬ್ಬನನ್ನು ಮಾತ್ರ ಬಿಡಲಾರೆ. ಕೆನ್ನಿ ಬೇಕರ್. ಕೆಂಟಕಿಯ ಜೆಂಕಿನ್ಸ್ ಅನ್ನುವ ಗಣಿ ಊರಿನವನು, ತಾನೂ ಗಣಿಗೆ ಇಳಿದವನು. ಇವನು ನಿಜವಾಗಿ ಬೆಟ್ಟದವನು. ಆದರೆ ಇವನಿಗೆ ಇಷ್ಟ ಯಾರು ಅಂದರೆ ಪ್ಯಾರಿಸ್‌ನ ಜ್ಯಾಸ್ ವಯೊಲಿನ್‌ಗಾರ ಸ್ಟೆಫಾನ್ ಗ್ರಾಪೆಲಿ! ಮನ್ರೋ ಜೊತೆ ಇವನಷ್ಟು ವರ್ಷ ಇದ್ದ ಪಿಟೀಲುಗಾರ ಇನ್ನೊಬ್ಬನಿಲ್ಲ.

ಪೆನ್ ಮಾಮ 1932ರಲ್ಲಿ ತೀರಿಕೊಂಡಿದ್ದ. ಶುಲ್ಟ್ಸ್ ಹಾಗೇ ಅವನದ್ದೂ ಧ್ವನಿಮುದ್ರಣ ಇಲ್ಲ. 1950ರಲ್ಲಿ ಮನ್ರೋ ಅವನ ಮೇಲೆ 'ಅಂಕಲ್ ಪೆನ್' ಅಂತ ಹಾಡು ಕಟ್ಟಿ, ಮಾವ ನುಡಿಸುತ್ತಿದ್ದ ಹಾಡುಗಳ ಹೆಸರನ್ನು ಅದರಲ್ಲಿ ಸೇರಿಸಿದ. ಹೆಸರೇನೋ ಉಳಿಯಿತು, ಹಾಡುಗಳು? ಅವು ಇದ್ದದ್ದು ಮನ್ರೋ ತಲೆಯಲ್ಲಿ. ಅವನಿಗೆ ಅರವತ್ತು ಹತ್ತಿರ ಬಂತು. ಆಗ ಬೇಕರ್‌ನನ್ನು ಎದುರಿಗೆ ಕೂರಿಸಿಕೊಂಡ. ಮಾವನ ಪಿಟೀಲು ಹಾಡನ್ನು ಮ್ಯಾಂಡೊಲಿನ್ನಿನಲ್ಲಿ ನುಡಿಸಿ ತೋರಿಸಿದ. ಬೇಕರ್ ಅದನ್ನು ಪಿಟೀಲಿಗೆ ಎತ್ತಿಕೊಂಡ. ಒಂದಾದ ಮೇಲೆ ಒಂದು. 1972ರಲ್ಲಿ ಆ ಎಲ್‌ಪಿ ಹೊರಗೆ ಬಂತು. ಮಾವ ಹೋಗಿ ನಲವತ್ತು ವರ್ಷ ಆಗಿತ್ತು.

ಅದರಲ್ಲಿ 'ಜೆನ್ನಿ ಲಿನ್' ಅಂತ ಒಂದಿದೆ. ಪೆನ್ ಮಾಮನ ಹಾಡುಗಳಲ್ಲಿ ಮನ್ರೋಗೆ ಎಲ್ಲಕ್ಕಿಂತ ಮೇಲಿದ್ದದ್ದು. ಹಾಕುತ್ತೇನೆ. ಹಿಂದಿನ ಕಡೆಯವರು ಆ ಫ್ಯಾನ್ ಒಂದು ಆರಿಸ್ತೀರಾ, ಸದ್ದು ಮಾಡುತ್ತೆ.